ನಾಲ್ಕು ಇಂಚಿನ ಮಡಿಕೆ

ರಾಯದುರ್ಗ
೧೮-೧೧-೨೦೨೫

ಮುದ್ದು ಮಗಳು ಸೌಜನ್ಯಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಫೋನನ್ನು ನಾನೇ ಕಿತ್ತಿಟ್ಟುಕೊಂಡಿದ್ದೇನೆ, ಚಿಕ್ಕಮ್ಮನ ಫೋನಿಗೆ ಮಾಡಿದರೆ ನೀನು ಬರುವುದಿಲ್ಲ, ಹಾಗಾಗಿ ಕಾಗದವೇ ಗತಿ. ಮಡಕಶಿರದಲ್ಲಿ ಸರಿಯಾಗಿ ಉಣ್ಣದೆ ಮುಖ ಊದಿಸಿಕೊಂಡು ಕೂತಿದ್ದೀಯಂತೆ, ಚಿಕ್ಕಮ್ಮ ಶಾಂತಕುಮಾರಿ ಹೇಳಿದಳು. ಮುಖ ಎಷ್ಟಾದರೂ ಊದಿಸಿಕೋ, ಊಟ ಮಾತ್ರ ಬಿಡಬೇಡ.

ಆವತ್ತಿನ ಕಬಡ್ಡಿಯಲ್ಲಿ ಹಿಡಿಯಲು ಬಂದ ಇಬ್ಬರನ್ನು ಎಳೆದುಕೊಂಡೇ ನೀನು ನಡುಗೆರೆ ಮುಟ್ಟಿದೆ. ಅದರ ಫೋಟೊ ಯಾರ ಹತ್ತಿರವೂ ಇಲ್ಲ. ಬಿದ್ದು ಏಳುವಾಗ ಹಿಂದಿನಿಂದ ತೆಗೆದದ್ದು ಮಾತ್ರ ನಮ್ಮ ಬೀದಿಯ ಫೋನುಗಳಲ್ಲೆಲ್ಲ ತಿರುಗಿತು. "ಅಂಥ ಚಡ್ಡಿ ಯಾಕ ಹಾಕ್ಕೊಂಡಿ, ನಾಚ್ಕಿ ಆಗಲಿಲ್ಲೇನು?" ಎಂದು ಕೆನ್ನೆಗೆ ಹೊಡೆದವಳು ನಾನು. ಮರುದಿನ ಬಸ್ಸು ಹತ್ತಿಸಿದವಳೂ ನಾನೇ. ಟೂರ್ನಮೆಂಟಿನವರು ಕೊಟ್ಟದ್ದನ್ನು ಹಾಕದಿದ್ದರೆ ಆಡಲು ಬಿಡುತ್ತಿರಲಿಲ್ಲ ಎಂದು ನೀನು ಅಳುತ್ತಾ ಹೇಳಿದೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬರುವ ಭಾನುವಾರ ಜಿಲ್ಲಾ ತಂಡದ ಆಯ್ಕೆ. ನಿನ್ನ ಕೋಚ್ ಲಲಿತಾ ಮೇಡಂ ಮನೆಗೆ ಬಂದಿದ್ದರು. ಈ ಸಲ ತಪ್ಪಿದರೆ ಮುಂದಿನ ವರ್ಷ ನಿನ್ನ ವಯಸ್ಸು ಮೀರುತ್ತದಂತೆ. ನೀನೋ ಇನ್ನು ಅಂಗಳಕ್ಕೇ ಇಳಿಯುವುದಿಲ್ಲ ಎಂದು ಆಣೆ ಇಟ್ಟಿದ್ದೀಯಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನ್ನ ಪಾಡು ಅದೇ ಆಗಿದೆ. ಬಾ ಮಗಳೇ. ಅದೇ ಚಡ್ಡಿಯ ಮಡಿಕೆ ಬಿಚ್ಚಿ ಮೊಣಕಾಲ ಹತ್ತಿರಕ್ಕೆ ಇಳಿಸಿ ಇದರ ಜೊತೆ ಕಳಿಸಿದ್ದೇನೆ. ನಾಲ್ಕು ಇಂಚು ಬಟ್ಟೆ ಒಳಗೇ ಇತ್ತು. ಮಡಿಕೆಯ ಗೆರೆ ಮಾತ್ರ ಎಷ್ಟು ಇಸ್ತ್ರಿ ಹಾಕಿದರೂ ಹೋಗಲಿಲ್ಲ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ವಿಶಾಲಮ್ಮ

ತಾ.ಕ.: ಒಳಗೆ ಬಟ್ಟೆ ಇದೆಯೆಂದು ನನಗೆ ಹೇಗೆ ಗೊತ್ತು ಎಂದು ಕೇಳುತ್ತೀಯ. ಆ ಚಡ್ಡಿಗಳನ್ನು ಹೊಲಿದದ್ದು ನಮ್ಮ ಗಾರ್ಮೆಂಟ್ಸ್ ಯೂನಿಟ್ಟಿನಲ್ಲೇ. ಹುಡುಗರವು ಇದ್ದ ಅಳತೆಗೇ ಹೋದವು, ಹುಡುಗಿಯರವನ್ನು ಮೇಲಕ್ಕೆ ಮಡಿಸಲು ಮಾಸ್ಟರ್ ಲೋಕನಾಥ್ ಹೇಳಿದ. ಯಾಕ್ರಿ ಎಂದು ಕೇಳಿದೆ. "ನೋಡಾಕ ಜನ ಬರಬೇಕಲ್ಲಮ್ಮ" ಎಂದ. ಯಾರ ಮಕ್ಕಳಿಗೋ ಎಂದುಕೊಂಡು ಎಲ್ಲರ ಜೊತೆ ನಾನೂ ನಕ್ಕೆ. ಅಂಚಿನ ಕೊನೆಯಲ್ಲಿ ಹಿಂದೆ ಮುಂದೆ ಮೂರು ಸಲ ಹೊಲಿಯುವುದು ನನ್ನ ರೂಢಿ, ನಿನ್ನ ಶಾಲೆಯ ಲಂಗಕ್ಕೂ ಹಾಗೇ ಹೊಲಿದಿದ್ದೆ. ಆ ಫೋಟೊ ದೊಡ್ಡದು ಮಾಡಿ ನೋಡಿದಾಗ ಆ ಹೊಲಿಗೆ ಕಂಡಿತು. ನಿನ್ನನ್ನು ಹೊಡೆದದ್ದು ಅದಾದ ಮೇಲೆ.