ಹೂಕುಂಡವಾದ ನೆರೆ ದೋಣಿ

ಧಾರ್ಮಿಕ ಸಂಸ್ಥೆಗಳ ದೇಣಿಗೆಯ ಮೇಲ್ವಿಚಾರಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನೆರೆಯಲ್ಲಿ ಸಿಕ್ಕಿಬಿದ್ದವರನ್ನು ಕರೆತರಲೆಂದು ನಾವು ಒಂದು ದೋಣಿಗೆ ದೇಣಿಗೆ ಕೊಟ್ಟೆವು. ನಮ್ಮ ಬಡಾವಣೆಯ ಧರ್ಮಸಂಸ್ಥೆ ಅದರಲ್ಲಿ ಹೂಗಿಡ ಬೆಳೆಸಿತು. ತಾವು ಅದನ್ನು ‘ಪರಿಹಾರ ಸಾಮಗ್ರಿ, ಸುಸ್ಥಿತಿಯಲ್ಲಿದೆ’ ಎಂದು ಒಪ್ಪಿ ಮೊಹರು ಒತ್ತಿದಿರಿ. ನನ್ನ ದೂರು ಇಷ್ಟೇ. ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನಾನು ಚುಟುಕಾಗಿ ಬರೆದ ಅರ್ಜಿಗಳಿಗೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಇನ್ನೂ ಚುಟುಕಾದ ಉತ್ತರ ಬಂದಿರುವುದರಿಂದ, ಈ ಸಲ ಊರೆಲ್ಲ ಓದುವ ಹಾಗೆ ತುಸು ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ನಲ್ಲಿ, ಪೈಪು, ಬೇಸಿನ್ನು ಮಾರುವವನು. ನೀರು ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು ಎಂಬುದೇ ನನ್ನ ಹೊಟ್ಟೆಪಾಡು. ನದಿ ಮೊದಲ ಸಲ ಬಡಾವಣೆಗೆ ನುಗ್ಗಿದಾಗ ಮಾತ್ರ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆಗ ನಮ್ಮತ್ತೆಯ, ಅಂದರೆ ನನ್ನ ಹೆಂಡತಿಯ ತಾಯಿಯ, ಒಡಹುಟ್ಟಿದ ತಮ್ಮ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಹೊರಗೆ ತರಲು ಒಂದು ದೋಣಿ ಸಿಗದೆ ಅವರು ತೀರಿಕೊಂಡರು. ನೀರಿಳಿದ ಮೇಲೆ ಸಂಸ್ಥೆಯ ಗುರುಗಳು ಸಭೆ ಕರೆದು, ಇನ್ನೊಬ್ಬರು ಹೀಗೆ ಹೋಗಬಾರದು, ದೋಣಿಯೊಂದನ್ನು ತರೋಣ ಎಂದರು. ಅತ್ತೆ ಎದ್ದು ಹೋಗಿ ಕೈಬಳೆ ಬಿಚ್ಚಿಕೊಟ್ಟರು. ರಸೀದಿ ಕೇಳಿ ಎಂದು ನಾನು ಪಿಸುಗುಟ್ಟಿದೆ.

“ಸುಮ್ನಿರಿ ಅಳಿಯಂದ್ರೇ, ದೇವರ ಸನ್ನಿಧೀಲಿ ಯಾರಾದ್ರೂ ರಸೀದಿ ಕೇಳ್ತಾರಾ?”

ಸಂಸ್ಥೆಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆ ನೆರೆಯಲ್ಲಿ ನಮಗೆ ಅನ್ನ ಹಾಕಿದವರು ಅವರೇ. ದೋಣಿಯನ್ನೂ ತಂದರು, ಬಿಳಿಯದು, ಅಂಚಿಗೆ ನೀಲಿ ಗೆರೆ. ಗುರುಗಳು ಅದರೊಳಗೆ ಕೂತು, ನೆಲದ ಮೇಲೆಯೇ, ಹುಟ್ಟು ಹಾಕುವ ಭಂಗಿಯಲ್ಲಿ ಫೋಟೋ ತೆಗೆಸಿಕೊಂಡರು. ಆಮೇಲೆ ದೋಣಿ ಅಂಗಳದಲ್ಲಿ ಸುಮ್ಮನೆ ಬಿದ್ದಿರುವುದನ್ನು ಕಂಡು ಯಾರಿಗೋ ಕನಿಕರವಾಗಿರಬೇಕು. ಮಣ್ಣು ತುಂಬಿ ಗಿಡ ನೆಟ್ಟರು. ‘ಸೇವಾ ನೌಕೆ: ಹೂ ಕೀಳಬಾರದು’ ಎಂಬ ಫಲಕವೂ ಬಂತು.

ಕಳೆದ ಮಳೆಗಾಲದಲ್ಲಿ ನದಿ ಮತ್ತೆ ಬಂತು. ನಾನೂ ಹೆಂಡತಿಯೂ ಎತ್ತರದ ರಸ್ತೆಯ ಅಂಗಡಿಯಲ್ಲಿದ್ದೆವು. ಅತ್ತೆ ತಗ್ಗಿನ ಬೀದಿಯ ನಮ್ಮ ಮನೆಯಲ್ಲಿ. ಫೋನು ಮಾಡಿದರು.

“ಅವಸರ ಏನಿಲ್ಲ. ನೀರು ಮಂಚ ಹತ್ತಿತು, ನಾನು ಅಡುಗೆ ಕಟ್ಟೆ ಹತ್ತಿದೆ. ಇನ್ನು ಅಟ್ಟ ಒಂದಿದೆ. ಆದ್ರೆ ಏಣಿ ತೇಲ್ಕೊಂಡು ಹೋಗ್ತಾ ಇದೆ.”

ಇಬ್ಬರೂ ಸಂಸ್ಥೆಗೆ ಓಡಿದೆವು. ವ್ಯವಸ್ಥಾಪಕರು ಸಾವಧಾನದ ಮನುಷ್ಯ.

“ದೋಣಿ ಕೊಡೋಕೆ ನಂದೇನೂ ತಕರಾರಿಲ್ಲ. ಗುರುಗಳು ಪ್ರವಾಸದಲ್ಲಿದ್ದಾರೆ, ಒಂದು ಮಾತು ಕೇಳ್ಬೇಕಲ್ವಾ? ಗಿಡ ಬೇರೆ ಈಗಷ್ಟೇ ಮೊಗ್ಗು ಬಿಟ್ಟಿದೆ.”

ನನ್ನ ಹೆಂಡತಿ ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡಳು. ನಾನೂ ಕೈಜೋಡಿಸಿ ಮಣ್ಣನ್ನೆಲ್ಲ ಹೊರಗೆ ಎಳೆದರೆ, ದೋಣಿಯ ತಳದಲ್ಲಿ ಸಾಲಾಗಿ ತೂತುಗಳು.

“ಇದೇನ್ರೀ ಇದು?” ಎಂದೆ.

“ನೀರು ನಿಂತ್ರೆ ಬೇರು ಕೊಳೆಯುತ್ತೆ ಸರ್. ಅದಕ್ಕೇ ಕೊರೆಸಿದ್ವಿ.”

ಒಳಗೆ ಬಂದ ನೀರು ಸರಾಗವಾಗಿ ಹೊರಗೆ ಹೋಗಲೆಂದು ದೋಣಿಗೇ ತೂತು ಕೊರೆಸಿದ ದೂರದೃಷ್ಟಿಯನ್ನು ತಮ್ಮ ತಪಾಸಣೆಗಾರರು ಗಮನಿಸಲಿಲ್ಲವೇ? ಅಥವಾ ಮೇಲಿನ ಹೂಗಳನ್ನು ನೋಡಿ, ಚಹಾ ಕುಡಿದು ಎದ್ದರೇ?

ಕೊನೆಗೆ ನೆನಪಾದದ್ದು ನನ್ನ ಅಂಗಡಿಯ ಗಾಜಿನ ಹಿಂದೆ ಯಾರೂ ಕೊಳ್ಳದೆ ಕೂತಿದ್ದ ಬಾತ್‌ಟಬ್ಬು. ಅದಕ್ಕೂ ತೂತಿದೆ, ಆದರೆ ತಯಾರಿಸಿದ ಪುಣ್ಯಾತ್ಮರು ಮುಚ್ಚಲು ಒಂದು ಬೂಚನ್ನೂ ಕೊಟ್ಟಿದ್ದಾರೆ. ಬೀದಿಯಲ್ಲಿ ಸೆಳೆತ ಕಡಿಮೆಯಿತ್ತು. ಎದೆಮಟ್ಟದ ನೀರಿನಲ್ಲಿ ಟಬ್ಬನ್ನು ತಳ್ಳಿಕೊಂಡು ಇಬ್ಬರೂ ಅಡುಗೆಮನೆ ಕಿಟಕಿಯ ಬಳಿ ತಲುಪಿದೆವು.

“ದೋಣಿ ಎಲ್ಲಿ?” ಎಂದರು ಅತ್ತೆ.

“ಮೊಗ್ಗು ಬಿಟ್ಟಿದೆ ಅತ್ತೆ. ಇದರಲ್ಲೇ ಕೂತ್ಕೊಳ್ಳಿ.”

ಟಬ್ಬಿನಲ್ಲಿ ಮೊಣಕಾಲು ಮಡಚಿ, ಕೊಡೆ ಬಿಡಿಸಿ ಕೂತರು. “ಇದಕ್ಕೆ ಬಿಸಿನೀರು ಎಲ್ಲಿಂದ ಬರುತ್ತೆ?” ಎಂದು ವಿಚಾರಿಸಿದರು. ತೀರಿಹೋದ ತಮ್ಮನ ಮನೆ ದಾಟುವಾಗ ಕೊಡೆಯನ್ನು ಆ ಕಡೆಗೆ ವಾಲಿಸಿಕೊಂಡರು. “ಅವನಿಗೂ ಇಂಥದ್ದೊಂದು ಸಾಕಿತ್ತು,” ಎಂದರು. ನಾವಿಬ್ಬರೂ ಟಬ್ಬನ್ನು ಎತ್ತರದ ರಸ್ತೆಯ ಕಡೆಗೆ ತಳ್ಳಿದೆವು.

ನೀರಿಳಿದ ವಾರದಲ್ಲೇ ದೋಣಿಗೆ ಹೊಸ ಮಣ್ಣು ಬಿತ್ತು. ನಾನು ತಮ್ಮ ಕಚೇರಿಗೆ ಬಂದೆ. ಅಲ್ಲಿನ ಗುಮಾಸ್ತರು ನನ್ನ ಮೇಲಿನ ಕಾಳಜಿಯಿಂದಲೇ ಕೇಳಿದರು: “ಭಕ್ತಿಯಿಂದ ಕೊಟ್ಟಿದ್ದಕ್ಕೆ ಲೆಕ್ಕ ಕೇಳಿದ್ರೆ ಪುಣ್ಯ ಕಮ್ಮಿ ಆಗಲ್ವಾ ಸರ್?”

ಮಾನ್ಯರೇ, ಪುಣ್ಯ ದೇವರ ಲೆಕ್ಕ. ದೋಣಿ ತಮ್ಮ ಲೆಕ್ಕ. ದೇವರ ಮೇಲೆ ನಮಗೆ ಅನುಮಾನವಿಲ್ಲ, ತೂತು ಕೊರೆದದ್ದು ಅವನಲ್ಲ. ನಾನು ಮಾರಿದ ನಲ್ಲಿ ಸೋರಿದರೆ ಗಿರಾಕಿ ಮರುದಿನ ಬಂದು ನನ್ನ ಮಾನ ಕಳೆಯುತ್ತಾನೆ, ಕಳೆಯಲಿಕ್ಕೇ ಬೇಕು. ನೆರೆಯ ಹೆಸರಿನಲ್ಲಿ ಕೈಯೊಡ್ಡಿದವರನ್ನು ಮಾತ್ರ ಏನನ್ನೂ ಕೇಳಬಾರದೆಂದರೆ, ನಂಬಿಕೆಯುಳ್ಳವರಿಗೆ ನಲ್ಲಿ ಕೊಂಡವರಷ್ಟೂ ಬೆಲೆಯಿಲ್ಲವೇ? ಅತ್ತೆ ಬಳೆ ಬಿಚ್ಚಿದ್ದು ತೋಟಕ್ಕಲ್ಲ. ತೋಟಕ್ಕೆಂದು ಕೇಳಿದ್ದರೂ ಕೊಡುತ್ತಿದ್ದರೇನೋ, ಆದರೆ ಕೇಳಬೇಕಿತ್ತು.

ಆದ್ದರಿಂದ ನನ್ನ ಆಗ್ರಹವಿಷ್ಟು. ಪರಿಹಾರಕ್ಕೆಂದು ದೇಣಿಗೆ ಎತ್ತಿದ ಪ್ರತಿ ಸಂಸ್ಥೆಯೂ ಮಳೆಗಾಲಕ್ಕೆ ಮುಂಚೆ, ಕೊಟ್ಟವರ ಕಣ್ಣೆದುರಿಗೆ, ಏನು ತಂದೆವು, ಅದು ಎಲ್ಲಿದೆ, ಕೆಲಸ ಮಾಡುತ್ತದೆಯೇ ಎಂಬುದನ್ನು ತೋರಿಸಬೇಕು. ನಮ್ಮ ಬಡಾವಣೆಯಿಂದಲೇ ಶುರುವಾಗಲಿ. ದೋಣಿಯ ಮಣ್ಣು ತೆಗೆಸಿ, ತೂತು ಮುಚ್ಚಿಸಿ, ನದಿಗೆ ಇಳಿಸಿ. ಒಂದು ಬದಿಗೆ ಗುರುಗಳು ಕೂರಲಿ, ಇನ್ನೊಂದು ಬದಿಗೆ ತಾವು. ಆಚೆ ದಡ ಮುಟ್ಟಿದ ಮೇಲೆ ‘ಸುಸ್ಥಿತಿಯಲ್ಲಿದೆ’ ಎಂದು ಧಾರಾಳವಾಗಿ ಮೊಹರು ಒತ್ತಿ.

ಇಂತಿ,
ಗಿರಾಕಿ ಬಂದರೂ ಟಬ್ಬು ಮಾರಲು ಧೈರ್ಯ ಸಾಲದ
ನಲ್ಲಿ ಅಂಗಡಿಯವನು