ಒತ್ತದೆ ಬಿಟ್ಟ ಪಂಚಮ

ಶ್ರೀ ಶಾರದಾಂಬೆಯ ಅಡಿದಾವರೆಗಳಿಗೆ ಶರಣು

ಕೊಟ್ಟಾರ, ಮಂಗಳೂರು
ಪ್ಲವ ಸಂವತ್ಸರದ ಕಾರ್ತಿಕ ಶುದ್ಧ ದಶಮಿ, ಶುಕ್ರವಾರ
೧೭-೧೧-೧೯೬೧

ಚಿರಂಜೀವಿ ಸೌಭಾಗ್ಯವತಿ ತಂಗಿ ಕುಶಲಾಳಿಗೆ,

ಅಣ್ಣ ಗುರುವಪ್ಪನು ಮಾಡುವ ಆಶೀರ್ವಾದ. ನವರಾತ್ರಿ ಮುಗಿಸಿ ನೀನು ಕಾಸರಗೋಡಿಗೆ ಮರಳಿ ತಿಂಗಳಾಗುತ್ತ ಬಂತು. ನಿನ್ನ ಎರಡು ಕಾರ್ಡುಗಳಿಗೂ ಉತ್ತರಿಸದ ಅಪರಾಧ ನನ್ನದು. ನೆಗಡಿಯಾಗಿತ್ತೆಂದು ಬರೆಯಬಹುದಿತ್ತು, ದೇವರ ಹೆಸರು ಹೊತ್ತ ಕಾಗದದಲ್ಲಿ ಸುಳ್ಳು ಬೇಡವೆನಿಸಿತು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತಿಗೆ ಬಾಗಿಯ ಮೊಣಕಾಲು ನೋವು ಇಳಿದಿದೆ. ವಿನಿಫ್ರೆಡ್ ಟೀಚರು ಎಂದಿನಂತೆ ಸಂಜೆ ಪಿಟೀಲು ಹಿಡಿದು ಬರುತ್ತಾರೆ. ಇನ್ನೂರು ವರ್ಷಗಳಾಚೆ ಜರ್ಮನಿಯಲ್ಲಿ ಒಂಟಿ ಪಿಟೀಲಿಗೆಂದೇ ರಚಿತವಾದ ಆ ಕೃತಿಗೆ ನಾವಿಬ್ಬರೂ ನಾಲ್ಕು ವರ್ಷಗಳಿಂದ ಹಾರ್ಮೋನಿಯಂ ಜೊತೆಗೂಡಿಸುತ್ತಿರುವುದನ್ನು ನೀನು ಕಂಡಿದ್ದೀ. ನಮ್ಮಲ್ಲಿ ಪಿಟೀಲೇ ಪಕ್ಕವಾದ್ಯ. ಅದಕ್ಕೂ ಒಂದು ಪಕ್ಕವಾದ್ಯ ಕಟ್ಟಿದವನು ಈ ಊರಿನಲ್ಲಿ ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ಅವರು ಒಂದು ಸಾಲು ನುಡಿಸುವುದು, ನಾನು ಅದರಡಿಗೆ ಸ್ವರ ಹುಡುಕಿ ಸರಿಗಮದಲ್ಲಿ ಬರೆಯುವುದು, "ಇದು ಬೇಡ ಪಂಡಿತರೇ, ಪಿಟೀಲಿಗೆ ಉಸಿರು ಕಟ್ತದೆ" ಎಂದರೆ ಅಳಿಸುವುದು.

ಮೂರನೆಯ ಪುಟದಲ್ಲಿ ಎಂಟು ತಿಂಗಳು ತಿಣುಕಿದ್ದೆವು. ನವರಾತ್ರಿಯ ಆ ಸಂಜೆ ಒಳಗೆ ಅವಲಕ್ಕಿ ಕಲಸುತ್ತಿದ್ದ ನೀನು ಬಂದು, "ಅಣ್ಣಾ, ಅಲ್ಲಿ ಪಂಚಮ ಒತ್ತುವುದು ಯಾಕೆ? ಪಿಟೀಲೇ ಅದನ್ನು ಹೇಳ್ತಾ ಉಂಟಲ್ಲ! ನೀವು ಸ್ವಲ್ಪ ಸುಮ್ಮನಿರಿ" ಎಂದು ನನ್ನನ್ನು ಸರಿಸಿ ಕುಳಿತು ಆ ಪುಟವನ್ನೇ ದಾಟಿಸಿಬಿಟ್ಟೆ. ಗಂಡನ ಮನೆಯ ಭಜನೆಯಲ್ಲಿ ತಾನೇ ಕಲಿತುಕೊಂಡ ಕೈ! ಟೀಚರು ಕಮಾನು ಕೆಳಗಿಟ್ಟು, "ಎಂತ ಮಾರಾಯ್ರೆ, ಇವರನ್ನು ಇಷ್ಟು ವರ್ಷ ಕಾಸರಗೋಡಿನಲ್ಲಿ ಬಚ್ಚಿಟ್ಟಿದ್ದಿರಾ?" ಎಂದು ನಕ್ಕರು. ಬಾಗಿಯೂ ನಕ್ಕಳು. ನಾನೂ ನಕ್ಕೆ.

ಅಂದಿನಿಂದ ನಾನು ಒತ್ತಿದ ಪ್ರತಿ ಸ್ವರಕ್ಕೂ ಟೀಚರದು ಒಂದೇ ಮಾತು: "ಕುಶಲಕ್ಕ ಆದರೆ ಎಂತ ಮಾಡ್ತಿದ್ದರು?" ಪೂಜೆಗೆ ಕುಳಿತರೂ ನಿನ್ನ ಆ "ಸುಮ್ಮನಿರಿ" ಕಿವಿಯನ್ನು ಬಿಡದು. ಅಸೂಯೆಯೆಂಬ ಶಬ್ದದ ವ್ಯುತ್ಪತ್ತಿಯನ್ನು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದೆ; ಅರ್ಥ ತಿಳಿದದ್ದು ಈ ತಿಂಗಳು.

ಇದರೊಡನೆ ಇರುವ ಲಕೋಟೆ ಟೀಚರದು. ದೀಪಾವಳಿಗೆ ಮುನ್ನವೇ ಅಂಚೆಗೆ ಹಾಕಲು ಕೊಟ್ಟಿದ್ದರು. ನಾನು ಪಂಚಾಂಗದೊಳಗೆ ಇಟ್ಟುಕೊಂಡೆ. ಡಿಸೆಂಬರ್ ಹತ್ತಕ್ಕೆ ಅವರು ಪ್ರಾರ್ಥನೆಗೆ ಹೋಗುವ ಇಗರ್ಜಿಯ ಸಭಾಂಗಣದಲ್ಲಿ ಕಛೇರಿ, ಹಾರ್ಮೋನಿಯಂಗೆ ನೀನೇ ಕೂರಬೇಕೆಂದು ಅವರ ಬಯಕೆ. "ಉತ್ತರ ಬಂತಾ?" ಎಂದು ದಿನವೂ ಕೇಳುತ್ತಾರೆ. "ಅವಳಿಗೆ ಮನಸ್ಸಿಲ್ಲವೋ ಏನೋ" ಎಂದು ನಿನ್ನೆ ಹೇಳಿಬಿಟ್ಟೆ. ಅವರ ಮುಖ ಬಾಡಿತು. ನನಗೆ ಕ್ಷಣಕಾಲ ಸಂತೋಷವಾಯಿತು. ಆ ಸಂತೋಷಕ್ಕೆ ಹೆದರಿ ಈ ಪತ್ರ ಬರೆಯುತ್ತಿದ್ದೇನೆ. ಟೀಚರಿಗೆ ಇಂದು ಸಂಜೆಯೇ ನಿಜ ತಿಳಿಸುವೆ. ಸೋಮವಾರದ ರೈಲಿಗೆ ಬಾ, ಸ್ಟೇಷನ್ನಿನಲ್ಲಿ ನಾನಿರುತ್ತೇನೆ.

ಇತಿ ನಿನ್ನ ಅಣ್ಣ,
ಗುರುವಪ್ಪ

ತಾ.ಕ.: ನಿನಗೆ ಹನ್ನೊಂದು ತುಂಬಿದಾಗ ನಿನ್ನ ಹಾರ್ಮೋನಿಯಂ ಪಾಠ ನಿಂತಿತಲ್ಲ, ಅಮ್ಮ ಬೇಡವೆಂದರೆಂದು ನೀನು ಈಗಲೂ ಹೇಳುತ್ತೀ. ಪಾಠ ಏಕೆ ನಿಂತಿತೆಂದು ಅಮ್ಮನಿಗೆ ಗೊತ್ತೇ ಇರಲಿಲ್ಲ. ನಾನು ವರ್ಷವಿಡೀ ಕಲಿತದ್ದನ್ನು ನೀನು ಒಂದು ಮಧ್ಯಾಹ್ನ ನುಡಿಸಿಬಿಟ್ಟೆ. "ಹೆಣ್ಣುಮಕ್ಕಳಿಗೆ ಇಷ್ಟು ಸಾಕು" ಎಂದು ತೀರ್ಥರೂಪರ ಕಿವಿಯಲ್ಲಿ ಊದಿದವನು ನಾನು. ಅಂದು ನೀನು ನುಡಿಸಿದ ಪೆಟ್ಟಿಗೆಯೇ ಈ ಹಾರ್ಮೋನಿಯಂ. ಕಛೇರಿಯ ನಂತರ ಅದು ನಿನ್ನೊಡನೆ ಕಾಸರಗೋಡಿಗೆ ಹೋಗಲಿ. ನಿನ್ನ ಬೆರಳುಗಳನ್ನೂ, ಟೀಚರ ಪಿಟೀಲನ್ನೂ, ವೃಥಾ ದೂಷಣೆ ಹೊತ್ತು ತೀರಿಹೋದ ಅಮ್ಮನ ಆತ್ಮವನ್ನೂ ಆ ತಾಯಿ ಶಾರದೆ ಹರಸಲಿ. ಸುಮ್ಮನಿರಲು ನನಗೂ ಕಲಿಸಲಿ.