ನೀವು ತೀರಿಕೊಂಡ ಮೇಲೆ

ರಬಕವಿ
೯ ನವೆಂಬರ್ ೨೦೨೫, ರವಿವಾರ

ಸೋಮಲಿಂಗ ಅವರಿಗೆ ಗಂಗಾಂಬಿಕಾ ಮಾಡುವ ನಮಸ್ಕಾರ.

ಎಂಟು ವರ್ಷ ನಿಮ್ಮ ಜೊತೆ ಬಾಳಿದಾಗ ಒಮ್ಮೆಯೂ ನಿಮ್ಮ ಹೆಸರು ಹಿಡಿದವಳಲ್ಲ. ಈಗ ಸಲೀಸಾಗಿ ಬರೆಯುತ್ತೇನೆ. ಆರು ವರ್ಷದಿಂದ ಎಲ್ಲ ಅರ್ಜಿಗಳ ಮೇಲೆ ಬರೆದು ಬರೆದು ರೂಢಿಯಾಗಿದೆ: ದಿವಂಗತ ಸೋಮಲಿಂಗ.

ನಿಮ್ಮ ಪತ್ರ ಬುಧವಾರ ಟ್ರಸ್ಟಿನ ಆಫೀಸಿಗೆ ಬಂತು. ಅಲ್ಲಿಗೆ ಬರುವ ಟಪಾಲು ಒಡೆದು ಓದುವುದು ನನ್ನದೇ ಕೆಲಸವಾದ್ದರಿಂದ ಉಳಿದುಕೊಂಡೆ. ಎರಡೂ ಕಿಡ್ನಿ ಕೆಟ್ಟಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಬೇಕು, ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಬಿಟ್ಟಿದ್ದೀರಿ ಎಂದು ಬರೆದಿದ್ದೀರಿ. ನಮ್ಮ ಟ್ರಸ್ಟು ಬನಹಟ್ಟಿಯಲ್ಲಿ ಬಡವರಿಗೆ ಪುಕ್ಕಟೆ ಡಯಾಲಿಸಿಸ್ ಶುರು ಮಾಡಿದ್ದೂ, ನಾನು ಅಲ್ಲಿ ನೌಕರಿಗಿರುವುದೂ ಯಾರದೋ ಮೊಬೈಲಿಗೆ ಬಂದ ಫೋಟೋದಿಂದ ನಿಮಗೆ ಗೊತ್ತಾಯಿತಂತೆ. ‘ನಿನ್ನ ಮಾತು ಅಲ್ಲಿ ನಡೀತೈತಿ. ನನ್ನ ಹೆಸರು ಹಚ್ಚು. ಮನೀಗೇ ಬಂದು ಇರತೇನಿ’ ಎಂದಿದ್ದೀರಿ, ಏಳು ವರ್ಷ ಮೂರು ತಿಂಗಳಾದ ಮೇಲೆ. ವೈಶಾಲಿ ಹೇಗಿದ್ದಾಳೆ ಎಂದು ಕೇಳಿದ್ದು ಕೊನೆಯ ಸಾಲಿನಲ್ಲಿ.

ವೈಶಾಲಿ ಬದುಕಿದ್ದಾಳೆ. ಹೇಗೆ ಬದುಕಿದಳು ಎಂಬುದನ್ನು ಹೇಳದೆ, ನೀವು ಇಲ್ಲಿಗೆ ಯಾಕೆ ಬರಬಾರದು ಎಂಬುದನ್ನು ಹೇಳಲಾಗುವುದಿಲ್ಲ.

ನೀವು ಹೋದ ಮರುವರ್ಷ, ಅದೇ ದೊಡ್ಡ ಹೊಳೆ ಬಂದು ಊರೂರು ಮುಳುಗಿದ ವರ್ಷ, ಮಗಳಿಗೆ ನಾಲ್ಕು ಮೆಟ್ಟಿಲು ಹತ್ತಲು ಆಗದಾಯಿತು. ಓಡಾಡಿದರೆ ತುಟಿ ನೀಲಿಗಟ್ಟುತ್ತಿತ್ತು. ಆಗ ಅವಳಿಗೆ ಏಳು ವರ್ಷ. ಜಮಖಂಡಿಯ ಡಾಕ್ಟರು ನೋಡಿ, ಹೃದಯದಲ್ಲಿ ತೂತಿದೆ, ಬೆಳಗಾವಿಗೆ ಒಯ್ದು ಆಪರೇಷನ್ ಮಾಡಿಸಿ, ತಡ ಮಾಡಬೇಡಿ ಎಂದರು. ರೇಷನ್ ಕಾರ್ಡು ಇದ್ದಿದ್ದರೆ ಸರಕಾರದ ಯೋಜನೆಯಲ್ಲೇ ಆಗುತ್ತಿತ್ತು. ಅದು ನಿಮ್ಮ ಚೀಲದಲ್ಲಿ ಹೋಗಿತ್ತು. ಹೊಸದಕ್ಕೆ ಅರ್ಜಿ ಹಾಕಿದೆ. ಆ ವರ್ಷ ನೌಕರರೆಲ್ಲ ಗಂಜಿ ಕೇಂದ್ರಗಳಲ್ಲಿದ್ದರು. ನಾಳೆ ಬಾ, ನಾಡಿದ್ದು ಬಾ ಎನ್ನುವುದರಲ್ಲೇ ಎರಡು ತಿಂಗಳು ಕಳೆಯಿತು. ನಿಮ್ಮ ಫೋನಿಗೆ ಎಷ್ಟು ಸಲ ಹಚ್ಚಿದೆ ಎಂದು ಹೇಳುವುದಿಲ್ಲ. ಆ ನಂಬರು ಬೇರೆಯವರದಾಗಿತ್ತು.

ಆಗ ಟ್ರಸ್ಟಿಗೆ ಹೋದೆ. ಸೆಕ್ರೆಟರಿ ಶಶಿಕಾಂತ ಸರ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು ವಿಚಾರಿಸುತ್ತಿದ್ದರು. ನನಗಿಂತ ಮುಂದಿದ್ದವರಲ್ಲಿ ಒಬ್ಬಳು ಗಂಡ ಬಿಟ್ಟ ಹೆಣ್ಣುಮಗಳು. ಅವಳ ಮಾತು ಕೇಳಿ ಅವರು ಪೆನ್ನು ಕೆಳಗಿಟ್ಟರು. ‘ಬರೂದಿಲ್ಲ ತಂಗೀ. ಈ ನಿಧಿ ಗಂಡ ತೀರಿಕೊಂಡವರ ಮಕ್ಕಳಿಗಷ್ಟ. ದಾನ ಕೊಟ್ಟವರು ಹಂಗ ಬರಸ್ಯಾರ. ನಾಳೆ ನಿನ್ನ ಗಂಡ ಬಂದು ನಿಂತರ ನಾ ಏನ್ ಹೇಳ್ಲಿ?’ ಅವರೇನು ಕೆಟ್ಟವರಲ್ಲ. ಅವಳಿಗೆ ನೀರು ಕೊಡಿಸಿ, ಬಸ್ಸಿನವರೆಗೆ ಆಳು ಕಳಿಸಿದರು. ಅವಳ ನಂತರ ಮೊಮ್ಮಗುವಿಗಾಗಿ ಬಂದ ಮುದುಕಿಯ ಮಗ ಹೊಳೆಯಲ್ಲಿ ಹೋಗಿದ್ದ. ಹೆಣ ಸಿಕ್ಕಿರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ಅಂಥವರಿಗೆ ಹೆತ್ತವರ ಹೆಬ್ಬೆಟ್ಟು, ಓಣಿಯ ಹಿರಿಯರ ಸಹಿ ಇದ್ದರೆ ನಡೆಯುತ್ತದೆ ಎಂದರು. ನನ್ನ ಪಾಳಿ ಬರುವ ಮೊದಲೇ ನಾನು ಎದ್ದು ಮನೆಗೆ ಬಂದೆ.

ಗಂಡ ಸತ್ತವಳಿಗೆ ಜನರ ನಡುವೆ ಒಂದು ಜಾಗ ಇದೆ. ಬಿಟ್ಟವಳಿಗೆ ಇಲ್ಲ. ಏನೋ ಮಾಡಿರಬೇಕು, ಅದಕ್ಕೇ ಬಿಟ್ಟ ಎನ್ನುತ್ತಾರೆ.

ನಿಮ್ಮ ತಾಯಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದರು. ನಡೆದದ್ದನ್ನು ಅವರಿಗೆ ಹೇಳಿದೆ. ಏನು ಮಾಡಬೇಕೆಂದು ಹೇಳಲಿಲ್ಲ, ಹೇಳುವ ಧೈರ್ಯ ಇರಲಿಲ್ಲ. ರಾಟೆ ನಿಲ್ಲಿಸಿ, ಮಲಗಿದ್ದ ಮಗುವನ್ನು ನೋಡಿದರು. ಆಮೇಲೆ, ‘ಕಾಗದ ಬರೀ’ ಎಂದರು. ಬರೆದು ಮುಂದಿಟ್ಟೆ. ‘ಅಂವ ನನ್ನ ಹೊಟ್ಟ್ಯಾಗಿಂದ ಬಂದಾವ. ಕಳಿಸೂದೂ ನನ್ನ ಕೈಲೇ ಆಗಲಿ. ತಾ ಇಲ್ಲಿ’ ಎಂದು ಹೆಬ್ಬೆಟ್ಟು ಒತ್ತಿದರು. ಓಣಿಯ ಹಿರಿಯರಾದ ಕಾಶಪ್ಪ ಕಾಕಾ ಕಾಗದ ಓದದೇ ಸಹಿ ಹಾಕಿದರು. ಅವರಿಗೆ ಓದಲು ಬರುತ್ತದೆ.

ಮರುದಿನ ನಿಮ್ಮ ಅವ್ವನೇ ನನ್ನ ಬಳೆ ತೆಗೆದರು. ಒಡೆಯಲಿಲ್ಲ. ಕೈಗೆ ಸೋಪು ಹಚ್ಚಿ ಒಂದೊಂದಾಗಿ ಬಿಡಿಸಿದರು. ಅಳಲೂ ಇಲ್ಲ. ಅಳು ಬಂದದ್ದು ನನಗೆ, ಅದೂ ನಿಮಗಾಗಿ ಅಲ್ಲ.

ನೀವು ಹೇಗೆ ಸತ್ತಿರಿ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ನೀವು ದುಡಿಯಲು ಹೋಗಿದ್ದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ, ಹೊಳೆ ಬಂದ ಸುದ್ದಿ ಕೇಳಿ ಹೆಂಡತಿ ಮಗಳನ್ನು ನೋಡಲೆಂದು ಊರಿಗೆ ಬರುತ್ತಿದ್ದಿರಿ, ದಾರಿಯಲ್ಲಿ ನೀರು ಎಳೆದುಕೊಂಡು ಹೋಯಿತು ಎಂದೆವು. ಇಡೀ ಸುಳ್ಳಿನಲ್ಲಿ ನನಗೆ ಹೇಳಲು ಕಷ್ಟವಾದ ಭಾಗ ಅದೇ. ನೀವು ಸತ್ತಿರಿ ಎಂಬುದಲ್ಲ, ನಮ್ಮನ್ನು ನೋಡಲು ಬರುತ್ತಿದ್ದಿರಿ ಎಂಬುದು.

ಬೆಳಗಾವಿಯಲ್ಲಿ ಆಪರೇಷನ್ ಚೆನ್ನಾಗಿ ಆಯಿತು. ಮಗಳು ಈಗ ಎಂಟನೆಯ ತರಗತಿ, ಖೋಖೋ ಆಡುತ್ತಾಳೆ. ಎದೆಯ ನಡುವೆ ಉದ್ದಕ್ಕೆ ಒಂದು ಗೀರು ಉಳಿದಿದೆ.

ಆ ವರ್ಷ ಟ್ರಸ್ಟಿನ ವಾರ್ಷಿಕೋತ್ಸವಕ್ಕೆ ನನ್ನನ್ನು ವೇದಿಕೆ ಹತ್ತಿಸಿದರು. ನಾಲ್ಕು ಮಾತು ಆಡಿದೆ. ಅಧ್ಯಕ್ಷರಾದ ಅಪ್ಪಾಸಾಬರು ಕಣ್ಣು ಒರೆಸಿಕೊಂಡು, ‘ಇಂಥಾ ಹೆಣ್ಮಗಳು ನಮ್ಮ ಕೂಡ ಇರಬೇಕು’ ಎಂದು ನೌಕರಿ ಕೊಟ್ಟರು. ಅಂದಿನಿಂದ ಪ್ರತಿ ವರ್ಷ ಅದೇ ವೇದಿಕೆ, ಅದೇ ಮಾತು. ಯಾವ ಮಾತಿಗೆ ಜನ ಸೆರಗಿನಿಂದ ಕಣ್ಣೊರೆಸುತ್ತಾರೆ ಎಂಬುದು ಈಗ ನನಗೆ ಗೊತ್ತು. ಒಮ್ಮೊಮ್ಮೆ ಅಳು ಬರುವುದಿಲ್ಲ. ಆಗ ನಿಮ್ಮನ್ನು ನೆನೆಸಿಕೊಳ್ಳುತ್ತೇನೆ, ಸಿಟ್ಟು ಬರುತ್ತದೆ. ಸಿಟ್ಟಿಗೂ ಕಣ್ಣೀರು ಬರುತ್ತದಲ್ಲ. ಕೂತವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನೀವು ಮೊಬೈಲಿನಲ್ಲಿ ನೋಡಿದ ಫೋಟೋ ಅದೇ ಇರಬೇಕು.

ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ನಿಮಗೆ ಹೇಳಬಹುದು, ಸತ್ತವರು ಯಾರ ಮುಂದೆಯೂ ಆಡುವುದಿಲ್ಲ. ಈಗ ಅರ್ಜಿದಾರರನ್ನು ವಿಚಾರಿಸುವ ಖುರ್ಚಿಯಲ್ಲಿ ನಾನು ಕೂರುತ್ತೇನೆ. ಹೋದ ವರ್ಷ ಹುನ್ನೂರಿನಿಂದ ತಂಗೆವ್ವ ಎಂಬವಳು ಮಗನನ್ನು ಎತ್ತಿಕೊಂಡು ಬಂದಳು. ಐದು ವರ್ಷದ ಹುಡುಗ, ರಕ್ತದ ಕಾಯಿಲೆ. ಗಂಡ ಇದ್ದಾನೆಯೇ ಎಂದು ಕೇಳಿದೆ. ‘ಅದಾನ್ರಿ. ಎಲ್ಲಿ ಅದಾನೋ ಗೊತ್ತಿಲ್ಲ’ ಎಂದಳು. ಶಶಿಕಾಂತ ಸರ್ ಹೇಳುತ್ತಿದ್ದ ಮಾತನ್ನೇ ನಾನೂ ಹೇಳಿದೆ, ಪೆನ್ನನ್ನೂ ಅವರಂತೆಯೇ ಕೆಳಗಿಟ್ಟೆ. ಅವಳು ನನ್ನ ಮುಖ ನೋಡಿ ಕೇಳಿದಳು: ‘ಹಂಗಾರ ಅಂವ ಸತ್ತಿದ್ರ ಛಲೋ ಇತ್ತೇನ್ರಿ ಅಕ್ಕಾರ?’

ಅವಳಿಗೆ ದಾರಿ ಹೇಳಿಕೊಡಬಹುದಿತ್ತು. ಆ ದಾರಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನಗೆ ಕಲಿಸಿದವರು ಯಾರು ಎಂದು ನಾಳೆ ಯಾರಾದರೂ ಅವಳನ್ನು ಕೇಳಿದರೆ ಎಂದು ಹೆದರಿದೆ. ನೀರು ಕೊಡಿಸಿ ಕಳಿಸಿದೆ. ಅವಳು ಮತ್ತೆ ಬರಲಿಲ್ಲ. ಹುನ್ನೂರಿನವರು ಆಫೀಸಿಗೆ ಬಂದರೆ ಆ ಹುಡುಗನ ಬಗ್ಗೆ ಕೇಳಬೇಕೆಂದುಕೊಳ್ಳುತ್ತೇನೆ. ಕೇಳುವುದಿಲ್ಲ.

ಪತ್ರದಲ್ಲಿ ಅವ್ವನಿಗೆ ಶರಣು ತಿಳಿಸಲು ಹೇಳಿದ್ದೀರಿ. ಅವ್ವ ಹೋದ ಮಾಘದಲ್ಲಿ ತೀರಿಕೊಂಡರು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ದಿನದಿಂದ ನಿಮ್ಮ ಹೆಸರು ಎತ್ತಿರಲಿಲ್ಲ. ಕೊನೆಯ ವಾರ ಒಮ್ಮೆ ಮಾತ್ರ, ‘ಸೋಮ್ಯಾಗ ಹಸಿವು ತಡ್ಯಾಂಗಿಲ್ಲ’ ಎಂದರು. ಯಾರಿಗೂ ಅಂದದ್ದಲ್ಲ. ಬಾಗಿಲ ಕಡೆ ನೋಡಿ ಅಂದದ್ದು. ಮಣ್ಣು ಕೊಡಲು ಗಂಡು ಮಕ್ಕಳಿಲ್ಲ ಎಂದು ಓಣಿಯವರೇ ಮುಂದೆ ನಿಂತರು.

ವೈಶಾಲಿಗೆ ನೀವು ಇರುವುದು ಗೊತ್ತಿಲ್ಲ. ಅಪ್ಪನ ಚೀಲದಲ್ಲಿ ತನಗಾಗಿ ತಂದ ಹೊಸ ಫ್ರಾಕ್ ಇತ್ತು, ಅದೂ ನೀರಲ್ಲಿ ಹೋಯಿತು ಎಂದು ಗೆಳತಿಯರಿಗೆ ಹೇಳುತ್ತಾಳೆ. ಫ್ರಾಕಿನ ಸಂಗತಿ ನಾನು ಹೇಳಿದ್ದಲ್ಲ, ಅವಳೇ ಕಟ್ಟಿಕೊಂಡದ್ದು. ಅವಳ ಆ ಅಪ್ಪ ನಿಮಗಿಂತ ಬಹಳ ಒಳ್ಳೆಯವನು. ಅವನನ್ನು ಕಸಿದುಕೊಂಡು, ಆ ಜಾಗದಲ್ಲಿ ನಿಮ್ಮನ್ನು ಕೂರಿಸಲು ನನಗೆ ಮನಸ್ಸಿಲ್ಲ.

ಆದ್ದರಿಂದ ಬರಬೇಡಿ. ನೀವು ಬನಹಟ್ಟಿ ಬಸ್ ನಿಲ್ದಾಣದಲ್ಲಿ ಇಳಿದ ದಿನ ನನ್ನ ನೌಕರಿ ಹೋಗುತ್ತದೆ, ಅದು ಹೋಗಲಿ. ಸತ್ತ ಅವ್ವ ಸುಳ್ಳುಗಾತಿಯಾಗುತ್ತಾರೆ. ಇನ್ನು ಮೇಲೆ ಟ್ರಸ್ಟಿಗೆ ಬರುವ ಪ್ರತಿ ವಿಧವೆಯನ್ನೂ ನಿಲ್ಲಿಸಿ, ನಿನ್ನ ಗಂಡ ಖರೇನೇ ಸತ್ತಾನೇನು ಎಂದು ಕೇಳುತ್ತಾರೆ. ಅಲ್ಲಿ ಹೊಸ ಮಿಷನ್ನುಗಳು ಮೂರಿವೆ, ಒಳ್ಳೆಯ ನರ್ಸುಗಳಿದ್ದಾರೆ. ನಿಮ್ಮ ಹೆಸರು ಹಚ್ಚುವುದು ನನ್ನ ಕೈಯಲ್ಲೇ ಇದೆ. ಆದರೆ ಆ ಹೆಸರು ಬೇರೆ ರಿಜಿಸ್ಟರಿನಲ್ಲಿದೆ.

ನಿಮ್ಮ ಪತ್ರ ಒಲೆಗೆ ಹಾಕಿದ್ದೇನೆ. ಇದನ್ನೂ ಓದಿ ಹಾಗೇ ಮಾಡಿರಿ. ಅಲ್ಲಿ ನಿಮ್ಮ ಜೊತೆ ಯಾರಿದ್ದಾರೆ, ಇದ್ದಾರೋ ಇಲ್ಲವೋ, ನಾನು ಕೇಳುವುದಿಲ್ಲ.

ಹೆಸರಿನ ಹಿಂದೆ ಸೌಭಾಗ್ಯವತಿ ಎಂದು ಬರೆಯುವ ಹಾಗಿಲ್ಲ. ಬರೀ,

ಗಂಗಾಂಬಿಕಾ

ತಾ.ಕ.: ಮಿರಜದಲ್ಲಿ ಇನ್ನೊಂದು ಧರ್ಮಾಸ್ಪತ್ರೆ ಇದೆ. ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ. ನಿಮ್ಮಲ್ಲಿಂದ ಬಸ್ಸಿಗೆ ಒಂದು ತಾಸಿನ ದಾರಿ. ನಿನ್ನೆ ಫೋನ್ ಮಾಡಿ ನಿಮ್ಮ ಹೆಸರು ಹಚ್ಚಿಸಿದ್ದೇನೆ. ೧೮ನೇ ತಾರೀಖು ಮಂಗಳವಾರದಿಂದ, ವಾರಕ್ಕೆ ಎರಡು ಸಲ. ಏನೂ ತಿನ್ನದೆ ಹೋಗಬೇಡಿ. ರೋಗಿ ನಿಮಗೇನಾಗಬೇಕು ಎಂದು ಅಲ್ಲಿ ಫೋನ್ ಎತ್ತಿದ ಹೆಣ್ಣುಮಗಳು ಕೇಳಿದರು. ಅಣ್ಣ ಎಂದೆ. ಯಾರಾದರೂ ಕೇಳಿದರೆ ನೀವೂ ತಂಗಿ ಎಂದೇ ಹೇಳಬೇಕು.